ಭಟ್ಟರು ಇಟ್ಟ ಮುಹೂರ್ತ

ಯಜಮಾನರು ಕರೆದಿದ್ದಾರೆಂದು ಪೂಜೆಯ ಚೀಲ ಹಿಡಿದು ಕೊಟ್ಟಿಗೆಹಾರದ ಬಳಿಯ ಎಸ್ಟೇಟ್ ಮನೆಗೆ ಹೋದ ಪುರೋಹಿತರಾದ ನಮ್ಮ ಮಾವ ಬಾಗಿಲಲ್ಲೇ ನಿಂತುಬಿಟ್ಟರು. ಹಿಂದಿದ್ದ ನಾನು ಇಣುಕಿದೆ. ಒಳಗೆ ಬೀಗರೂ ಇಲ್ಲ, ಹೂವೂ ಇಲ್ಲ. ಅಜ್ಜಿಯಿಂದ ಮೊಮ್ಮಗಳವರೆಗೆ ಮನೆಮಂದಿಯೆಲ್ಲ ಸಾಲಾಗಿ ಕೂತು ನೇರಳೆ ಹಣ್ಣಿನ ವೈನನ್ನು ಬಾಟಲಿಗೆ ತುಂಬುತ್ತಿದ್ದರು.

"ಚಂದ್ರ ಸಿಂಹ ರಾಶೀಲಿರೋ ದಿನ ಹುಡುಕಿಸಿದ್ದು ಇದಕ್ಕಾ ಮಾರಾಯ್ರೆ? ನಾನು ಮಗಳ ನಿಶ್ಚಿತಾರ್ಥ ಅಂದ್ಕಂಡೆ!" ಎಂದರು ಮಾವ.

"ನಮ್ದು ಬಯೋಡೈನಮಿಕ್ ಕೃಷಿ ಭಟ್ರೆ. ಗಿಡ ನೆಡೋದ್ರಿಂದ ಬಾಟ್ಲಿ ತುಂಬೋತನಕ ಎಲ್ಲ ಚಂದ್ರನ್ನ ನೋಡೇ ಮಾಡ್ಬೇಕು," ಎಂದು ಯಜಮಾನರು ಕೈಮುಗಿದರು.

ಕೊಟ್ಟ ಕಾಫಿಯನ್ನೂ ಮುಟ್ಟದೆ ಮಾವ ಹೊರಟುಬಂದರು.

ಆ ವೈನನ್ನು ಅವರು ಇಂದಿಗೂ ಮೂಸಿಲ್ಲ. ಆದರೆ ಯಾರಾದರೂ ಅದರ ರುಚಿ ಹೊಗಳಿದರೆ ಸಾಕು, ಶಲ್ಯ ಸರಿಮಾಡಿಕೊಂಡು, "ಮುಹೂರ್ತ ಇಟ್ಟಿದ್ದು ನಾನು" ಎನ್ನುತ್ತಾರೆ.