ಮುದಿ ಕುರಿಯ ತೊಡೆಮೂಳೆ

ನೋವಿಗಿಂತ ಮೊದಲು ಮಚ್ಚಕ್ಕನಿಗೆ ಸದ್ದು ಕೇಳಿಸಿತು. ಎಳೆಯ ಮೂಳೆ ಮುರಿದರೆ ಹಸಿ ಕಡ್ಡಿಯ ಹಾಗೆ ಚಟ್ಟೆನ್ನುತ್ತದೆ, ಮುದಿ ಮೂಳೆ ಒಣ ರಸ್ಕಿನ ಹಾಗೆ ಕರಕ್ಕೆನ್ನುತ್ತದೆ. ನಲವತ್ತೊಂದು ವರ್ಷ ಮಾಂಸದಂಗಡಿಯ ಕೊರಡಿನ ಮುಂದೆ ಮಚ್ಚು ಹಿಡಿದು ನಿಂತವಳಿಗೆ ಆ ವ್ಯತ್ಯಾಸ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಆವತ್ತು ಕರಕ್ಕೆಂದದ್ದು ಅವಳದೇ ಬಲಗೈ ಮಣಿಕಟ್ಟು.

ಕುಡಿದು ಬಂದ ಗಿರಾಕಿಯೊಬ್ಬ, ಮುದಿ ಕುರಿ ಕೊಟ್ಟಿದ್ದೀಯ ಎಂದು ಮಾಂಸದ ಪೊಟ್ಟಣವನ್ನು ಅವಳ ಮುಖಕ್ಕೆ ಎಸೆದು ಕೈ ತಿರುವಿದ್ದ. ಅಷ್ಟೇನೂ ಜೋರಾಗಿ ತಿರುವಿರಲಿಲ್ಲ. ಅಂಗಡಿಯ ಹಿಂಬದಿಯಲ್ಲಿ ಕುರಿಯ ಚರ್ಮ ಸುಲಿಯುತ್ತಿದ್ದ ಅವಳ ತಮ್ಮ ಹಾರಿ ಬಂದು ಅವನ ಮುಖವನ್ನು ಕೊರಡಿಗೆ ಅಪ್ಪಳಿಸಿದ. ಎರಡು ಹಲ್ಲು ಉದುರಿ ಪಕ್ಕೆಲುಬಿನ ತುಂಡುಗಳ ನಡುವೆ ಬಿದ್ದವು.

"ಅವನ್ನ ತೆಗಿ. ತೂಕಕ್ಕೆ ಸೇರ್ಕೊಂಡಾವು" ಎಂದಳು ಮಚ್ಚಕ್ಕ. ಆಮೇಲೆ ಗೋಡೆಗೆ ಒರಗಿ ಕುಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ಕೈಗೆ ಪಟ್ಟಿ ಹಾಕಿಸಿ, ಮೂಳೆಯ ಸ್ಕ್ಯಾನ್ ಮಾಡಿಸಿದಳು. ಅರವತ್ತೇಳು ವರ್ಷದ ಮೂಳೆ ಒಳಗೊಳಗೇ ಟೊಳ್ಳಾಗಿತ್ತು. ಹೀಗೇ ಬಿಟ್ಟರೆ ಮುಂದಿನ ಸರದಿ ಸೊಂಟದ್ದಾಗಬಹುದು, ಆಮೇಲೆ ಅಂಗಡಿಯಲ್ಲಿ ನಿಲ್ಲುವ ಮಾತೇ ಇಲ್ಲ ಎಂದಳು. ವಾರಕ್ಕೊಂದು ಮಾತ್ರೆ, ಬೆಳಗ್ಗೆ ಬರಿ ಹೊಟ್ಟೆಗೆ, ತುಂಬಿದ ಲೋಟ ನೀರಿನ ಜೊತೆ. ಅರ್ಧ ಗಂಟೆ ಮಲಗಬಾರದು, ಬಗ್ಗಬಾರದು, ಏನೂ ತಿನ್ನಬಾರದು. ಜೊತೆಗೆ ಒಳ್ಳೆಯ ಊಟ, ಬಿಸಿಲು, ನಡಿಗೆ.

ಕೊರಡಿನ ಕೆಲಸವೆಂದರೆ ಬಗ್ಗಿದ ಬೆನ್ನು. ಪಟ್ಟಿ ಬಿಚ್ಚಿದ ಮೇಲಿನ ಮೊದಲ ಭಾನುವಾರ, ಅಂಗಡಿಯ ಮುಂದೆ ಜನ ಜಮಾಯಿಸಿದ್ದಾಗ, ಮಚ್ಚಕ್ಕ ಮಾತ್ರೆಯನ್ನು ಎರಡು ಗುಟುಕು ಚಹಾದಲ್ಲಿ ನುಂಗಿ ನೇರ ಕೊರಡಿಗೆ ಬಗ್ಗಿದಳು. ಮೂರನೇ ತೊಡೆ ಕಡಿಯುವಷ್ಟರಲ್ಲಿ ಎದೆಗೂಡಿನೊಳಗೆ ಕಾದ ಕಬ್ಬಿಣ ತುರುಕಿದಂತಾಯಿತು. ನೆತ್ತರು ಹರಿಯುವ ಚರಂಡಿಯ ಪಕ್ಕದಲ್ಲೇ ಮಂಡಿಯೂರಿ ವಾಂತಿ ಮಾಡಿಕೊಂಡಳು. ಮಾತ್ರೆಯ ಹಾಳೆ ಮೂಳೆಯ ಬುಟ್ಟಿ ಸೇರಿತು.

ತಮ್ಮನ ಹೆಂಡತಿಗೆ ಬೇಕಾಗಿದ್ದೂ ಅದೇ. ಮೂಳೆಗೆ ಮೂಳೆಯೇ ಮದ್ದು, ವಿಷ ಯಾಕೆ ನುಂಗಬೇಕು ಎನ್ನುವುದು ಅವಳ ವಾದ. ದಿನಾ ಕಾಲುಮೂಳೆ ಕುದಿಸಿದ ನೀರು, ಒಂದು ಹಿಡಿ ಎಳ್ಳು, ಹಿತ್ತಿಲ ಬಿಸಿಲಲ್ಲಿ ಒಂದು ತಾಸು. ಮಚ್ಚಕ್ಕ ಏಳು ತಿಂಗಳು ಚಾಚೂ ತಪ್ಪದೆ ನಡೆಸಿದಳು. ಮುಖಕ್ಕೆ ಕಳೆ ಬಂತು, ನಡಿಗೆ ಚುರುಕಾಯಿತು. ಆದರೆ ಒಂದು ಬೆಳಗ್ಗೆ ಅರ್ಧ ಕುರಿಯನ್ನು ಎತ್ತಿ ನೇತುಹಾಕಲು ಹೋದಾಗ ಬೆನ್ನಿನಲ್ಲಿ ಏನೋ ಕುಸಿಯಿತು. ಅದಾದ ಮೇಲೆ, ಇಷ್ಟು ವರ್ಷ ಕೈಗೆ ಸಿಗುತ್ತಿದ್ದ ಕೊಕ್ಕೆ ನಾಲ್ಕು ಬೆರಳು ಮೇಲೆ ಹೋಗಿತ್ತು.

"ಕೊಕ್ಕೆ ಯಾರೋ ಮೇಲೆ ಹೊಡ್ದಿದಾರೆ" ಎಂದಳು.

"ಕೊಕ್ಕೆ ಅಲ್ಲೇ ಇದೆ ಅಕ್ಕ" ಎಂದ ತಮ್ಮ, ಅವಳ ಮುಖ ನೋಡದೆ.

ಆ ವಾರವೇ ಕುರಿಗಾಹಿಯೊಬ್ಬ ಹಲ್ಲುದುರಿದ ಹೆಣ್ಣು ಕುರಿಯೊಂದನ್ನು ತಂದ. ತಮ್ಮ ಅದರ ಕತ್ತು ಕೊಯ್ದ. ಅದು ಒದ್ದಾಡುವಾಗಲೇ ಹಿಂಗಾಲು ತಾನಾಗಿ ಮುರಿಯಿತು. ಕರಕ್. ಚರ್ಮ ಸುಲಿದಾದ ಮೇಲೆ ಮಚ್ಚಕ್ಕ ಎದ್ದು ಬಂದು, ಬೆನ್ನು ಹಿಡಿದುಕೊಂಡೇ ತೊಡೆಯನ್ನು ಕೊರಡಿಗೆಳೆದು ಮಚ್ಚು ಬೀಸಿದಳು. ಒಂದೇ ಏಟಿಗೆ ಮೂಳೆ ಪುಡಿಪುಡಿಯಾಗಿ ಅವಳ ತುಟಿಗೂ ಹಾರಿತು. ಒಳಗೆ ಜೇನುಗೂಡಿನಂಥ ತೂತುಗಳು.

"ಏನ್ ತಿನ್ನಿಸ್ತಿದ್ದೆ ಇದಕ್ಕೆ?" ಎಂದು ಕುರಿಗಾಹಿಯನ್ನು ಕೇಳಿದಳು.

"ಹಸಿ ಹುಲ್ಲಮ್ಮಾ, ಇನ್ನೇನು? ದಿನವಿಡೀ ಗುಡ್ಡದ ಮೇಲೆ ಬಿಸಿಲಲ್ಲಿ ಓಡಾಡ್ಕೊಂಡಿತ್ತು. ಎಂಟು ಮರಿ ಹಾಕ್ತು, ಪಾಪ."

ಮಚ್ಚಕ್ಕ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಕೇಳಿಸ್ತೇನೇ? ಹುಲ್ಲು, ಬಿಸಿಲು, ನಡಿಗೆ. ನನಗಿಂತ ಚೆನ್ನಾಗಿ ಮಾಡಿದಾಳೆ ಈ ಮುದುಕಿ." ಮಚ್ಚನ್ನು ಕೊರಡಿಗೆ ನೆಟ್ಟಳು. ಅದನ್ನು ಕೀಳಲು ತಮ್ಮನೇ ಬರಬೇಕಾಯಿತು.

ಡಾಕ್ಟರಮ್ಮ ಕುರಿಯ ಕಥೆ ಕೇಳಿ ನಕ್ಕು, ಕುರಿಯನ್ನು ನೋಡಿ ಔಷಧಿ ಬರೆಯಲಾಗುವುದಿಲ್ಲ ಎಂದಳು. ಬೆನ್ನಿನ ಚಿತ್ರ ತೆಗೆಸಿದಳು. ಬೆನ್ನುಮೂಳೆಯ ಒಂದು ಮಣಿ ಚಪ್ಪಟೆಯಾಗಿ, ಬೆನ್ನೇ ಬಾಗಿ ಗಿಡ್ಡವಾಗಿತ್ತು. ಮಾತ್ರೆ ಹೇಗೆ ನುಂಗಿದಿರಿ ಎಂದು ವಿಚಾರಿಸಿದಾಗ ಚಹಾ, ಕೊರಡು, ವಾಂತಿ ಎಲ್ಲ ಹೊರಬಂತು. ಅನ್ನನಾಳದ ಸುಟ್ಟ ಗಾಯ ಮಾಯ್ದಿದೆಯೇ ಎಂದು ಪರೀಕ್ಷೆ ಮಾಡಿಸಿ, ಎಳ್ಳನ್ನೂ ಬಿಡಬೇಡಿ, ಮಾತ್ರೆಯನ್ನೂ ಬಿಡಬೇಡಿ, ನುಂಗಲು ಕಷ್ಟವಾದರೆ ಚುಚ್ಚುಮದ್ದಿನ ದಾರಿ ಇದೆ ಎಂದಳು. ಭಾರ ಎತ್ತುವುದು ಮಾತ್ರ ಬೇಡವೇ ಬೇಡ.

ಈಗ ವಾರದ ರಜೆಯ ದಿನ ಮಚ್ಚಕ್ಕ ಮಾತ್ರೆ ನುಂಗಿ, ಬಾಗಿಲು ಮುಚ್ಚಿದ ಅಂಗಡಿಯ ಮುಂದೆ ಅರ್ಧ ಗಂಟೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾಳೆ. ತಮ್ಮ ಕೊಕ್ಕೆಯನ್ನು ನಾಲ್ಕು ಬೆರಳು ಕೆಳಕ್ಕೆ ಹೊಡೆದಿದ್ದಾನೆ. ಈಗ ಅದರಲ್ಲಿ ಅವಳ ಮಚ್ಚು ಮಾತ್ರ ತೂಗುತ್ತದೆ. ತೊಡೆಮೂಳೆ ಕಡಿಯುವ ಕೆಲಸ ಅವನದು, ಮೆತ್ತನೆಯ ತುಂಡು ಅವಳದು. ಅವನ ಒಂದೊಂದು ಏಟಿಗೂ ಅವಳು ಕೈ ನಿಲ್ಲಿಸಿ, ಬಂದ ಸದ್ದು ಚಟ್ಟೋ ಕರಕ್ಕೋ ಎಂದು ಕಿವಿಗೊಡುತ್ತಾಳೆ.