ತಮ್ಮ ಅಂದು ಔಟಾಗಿರಲಿಲ್ಲ

“ರಘು ಅದಾನೇನ್ರಿ? ಅವಗ ಒಂದು ಮಾತು ಹೇಳೋದದ.”

ಟಾಂಗಾದಿಂದಿಳಿದು ಪುಣೆಯ ನಮ್ಮ ವಾಡೆಯ ಬಾಗಿಲಿಗೆ ಬಂದವರು ವಯಸ್ಸಾದ ಅಂಪೈರ್, ನಮ್ಮ ಧಾರವಾಡ ಕಡೆಯವರು. ವಿಶ್ವವಿದ್ಯಾಲಯದ ತಂಡಕ್ಕೆ ಮೂರೇ ಪಂದ್ಯ ಆಡಿದ ನನ್ನ ತಮ್ಮ ರಘು ವಿಷಮಜ್ವರದಲ್ಲಿ ತೀರಿಕೊಂಡು ಎರಡು ತಿಂಗಳಾಗಿತ್ತು. ಹೇಳಿದೆ. ಅವರು ಕರಿ ಟೊಪ್ಪಿಗೆ ತೆಗೆದು ಕಟ್ಟೆಯ ಮೇಲೆ ಕುಳಿತುಬಿಟ್ಟರು.

“ಕಡೀ ಮ್ಯಾಚಿನಾಗ ಚೆಂಡು ಅವನ ಬ್ಯಾಟಿಗೆ ಹತ್ತೇ ಇರಲಿಲ್ಲ ತಾಯಿ. ಬ್ಯಾಟು ಪ್ಯಾಡಿಗೆ ಬಡದ ಸಪ್ಪಳ ಕೇಳಿ ನಾ ಕ್ಯಾಚ್ ಅಂತ ಬೆರಳೆತ್ತಿದೆ. ಒಂದೂ ರನ್ ಮಾಡಿರಲಿಲ್ಲ ಹುಡುಗ. ನನ್ನ ಕಡೆ ತಿರುಗಿ ಸುದ್ದಾ ನೋಡದ ನಡದ. ಮನ್ಯಾಗ ನನ್ನ ಭಾಳ ಬೈದನೇನ್ರಿ?”

“ಇಲ್ರಿ. ಔಟಾದೆ ಅಂದ, ಅಷ್ಟ.”

ಅವರು ಕಣ್ಣೊರೆಸಿಕೊಂಡು ಹೊರಟರು.

ಆ ಪಂದ್ಯದ ದಿನ ಸಂಜೆ “ಸೊನ್ನಿ ಸಾಹೇಬರು ಬಂದ್ರು ನೋಡ್ರಿ” ಎಂದು ಎಲ್ಲರೆದುರು ಅವನನ್ನು ಹಂಗಿಸಿದವಳು ನಾನು. ಅವನು ಸುಮ್ಮನೆ ನಕ್ಕು ಕಾಲು ತೊಳೆಯಲು ಹೋಗಿದ್ದ. ಇದನ್ನು ಅಂಪೈರರಿಗೆ ಹೇಳಲು ಬಾಯಿ ಬರಲಿಲ್ಲ. ಅವರು ನನ್ನ ಮುಂದೆ ಹೇಳಿಕೊಂಡು ಹೋದರು. ನಾನು ಯಾರ ಮುಂದೆ ಹೇಳಲಿ? ಅದಕ್ಕೇ ಇಲ್ಲಿ ಬರೆದೆ.