ಅಳಿಸಿದ ಆಟ

ಅದನ್ನು ಅವಳು ನನಗೆ ಆಡಲು ಕೊಟ್ಟಿರಲಿಲ್ಲ, ಓದಲು ಕೊಟ್ಟಿದ್ದಳು. ಇದನ್ನು ಮೊದಲೇ ಹೇಳಿಬಿಡಬೇಕು.

ತಿಪಟೂರಿನಲ್ಲಿ ನಮ್ಮ ಮನೆಯ ಎದುರು ಒಂದು ಟೈಲರ್ ಅಂಗಡಿಯಿತ್ತು. ಅದರ ಹಿಂದೆಯೇ ಅವರ ಮನೆ. ಟೈಲರ್ ಮಗಳು ನನ್ನ ಓರಗೆಯವಳು. ನಾನು ಇಂಗ್ಲಿಷ್ ಮೀಡಿಯಂ, ಅವಳು ಕನ್ನಡ ಶಾಲೆ. ಒಂಬತ್ತನೇ ತರಗತಿ ಮುಗಿದ ಬೇಸಿಗೆಯಲ್ಲಿ ಅವಳ ಮಾಮು, ಎಂದರೆ ಸೋದರಮಾವ, ಸೌದಿಯಿಂದ ರಜೆಗೆ ಬರುವಾಗ ಅಂಗೈಯಗಲದ ವಿಡಿಯೋ ಗೇಮ್ ಒಂದನ್ನು ತಂದಿದ್ದರು. ಬಾಹ್ಯಾಕಾಶ ನೌಕೆಯೊಳಗೆ ಕವಚ ತೊಟ್ಟ ಒಂಟಿ ಸೈನಿಕ, ಕೋಣೆಯಿಂದ ಕೋಣೆಗೆ ನುಗ್ಗಿ ಗೋಡೆಗಂಟಿದ ಜಂತುಗಳನ್ನು ಸುಡುವ ಆಟ. ರಜೆ ಮುಗಿದು ತಾವು ಹೊರಡುವ ಭಾನುವಾರದೊಳಗೆ ಮುಗಿಸಿದರೆ ಅದು ಅವಳಿಗೇ, ಇಲ್ಲವಾದರೆ ಅರಸೀಕೆರೆಯಲ್ಲಿದ್ದ ಅಣ್ಣನ ಮಕ್ಕಳಿಗೆ ಎಂದು ಮಾಮು ಹೇಳಿದ್ದರು.

ಅವಳು ದಿನವಿಡೀ ಅಂಗಿಗಳಿಗೆ ಕಾಜಾ ಹಾಕಿ, ಗುಂಡಿ ಹೊಲಿದು, ಸಂಜೆ ಅರ್ಧ ಗಂಟೆ ಆಡುತ್ತಿದ್ದಳು. ಆದರೂ ಹದಿನೈದು ದಿನಗಳಲ್ಲಿ ಕೊನೆಯ ಕೋಣೆ ತಲುಪಿದ್ದಳು. ಹಿಂದೊಮ್ಮೆ ಮಾಮು ತಂದಿದ್ದ, ಟಿ.ವಿ.ಗೆ ಸಿಕ್ಕಿಸಿ ಆಡುವ ಹೆಸರುವಾಸಿ ಹಳೆಯ ಆಟವೊಂದು ಅವಳಿಗೆ ಬಾಯಿಪಾಠವಾಗಿತ್ತು. ಹೊಸದು ಅದರಿಂದಲೇ ಎತ್ತಿದ್ದೆಂದು ಮೊದಲ ದಿನವೇ ಕಂಡುಹಿಡಿದಿದ್ದಳು.

“ಬಟ್ಟೆ ಹೊಸದು, ಅಳತೆ ಹಳೇದು ಕಣೇ,” ಎಂದು ನಕ್ಕಿದ್ದಳು. “ಅದ್ರಲ್ಲಿ ಎಲ್ಲಿ ಗೋಡೆ ಒಡೀತಿತ್ತೋ ಇದ್ರಲ್ಲೂ ಅಲ್ಲೇ ಒಡೀತದೆ.”

ಕೊನೆಯ ಕೋಣೆಯಲ್ಲಿ ಮಾತ್ರ ಆ ಅಳತೆ ಕೈಕೊಟ್ಟಿತು. ಹಳೆಯದರಲ್ಲಿ ಇಲ್ಲದ ನಾಲ್ಕು ಬಾಗಿಲುಗಳು, ತೆರೆಯ ಮೇಲೆ ಉದ್ದದ ಇಂಗ್ಲಿಷ್. ಶುಕ್ರವಾರ ಮಧ್ಯಾಹ್ನ ನನ್ನಲ್ಲಿಗೆ ತಂದಳು.

“ಏನೋ ಪುರಾಣ ಬಿಗೀತದೆ. ಓದಿ ಕನ್ನಡದಲ್ಲಿ ಬರ್ದಿಡು. ಕ್ಲಾಸಿಗೇ ಫಸ್ಟು ಅಲ್ವಾ ತಾಯಿ ನೀನು! ಸಂಜೆ ಬಂದು ಇಸ್ಕೊತೀನಿ.”

ನಾನು ಅಟ್ಟ ಹತ್ತಿದೆ. ಕೊಬ್ಬರಿಯಾಗಲು ವರ್ಷವೆಲ್ಲ ಅಲ್ಲೇ ಒಣಗುವ ತೆಂಗಿನಕಾಯಿ ರಾಶಿಯ ಬಳಿಗೆ ಆ ಹೊತ್ತಿನಲ್ಲಿ ಯಾರೂ ಬರುತ್ತಿರಲಿಲ್ಲ. ಐದು ನಿಮಿಷದಲ್ಲಿ ಬರೆದು ಮುಗಿಸಿದೆ: ಎರಡನೇ ಬಾಗಿಲು, ಕೆಂಪು ದೀಪ ಆರಿದ ಮೇಲೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನನಗೂ ಮೊದಲಿನಿಂದ ಆಡಬೇಕೆನ್ನಿಸಿತು. ಕೇಳಿದ್ದರೆ ಅವಳು ತಾನು ಮುಗಿಸಿದ ಮೇಲೆ ಕೊಡುತ್ತಿದ್ದಳು. ಕೇಳುವ ಅಭ್ಯಾಸ ನನಗಿರಲಿಲ್ಲ. ಹೊಸ ಆಟಕ್ಕೆ ಒತ್ತಿದೆ. ಹಿಂದಿನದು ಅಳಿಸಿಹೋಗುತ್ತದೆ, ಮುಂದುವರಿಸಲೇ ಎಂದು ಅದು ಕೇಳಿತು. ಅರ್ಥವಾಗಲಿಲ್ಲವೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರತಿ ಪದವೂ ಅರ್ಥವಾಗಿತ್ತು. ಹದಿನೈದು ದಿನಗಳಿಂದ ನಮ್ಮ ಬೀದಿಯಲ್ಲಿ ಅವಳೇ ಬುದ್ಧಿವಂತೆಯಾಗಿದ್ದಳು. ಹೌದು ಎಂದು ಒತ್ತಿದೆ.

ಮೊದಲ ಕೋಣೆಯನ್ನೂ ದಾಟಲಾಗಲಿಲ್ಲ.

ಸಂಜೆ ಅವಳು ಹೊಸ ಬ್ಯಾಟರಿ ಸೆಲ್ ಹಿಡಿದು ಬಂದಳು. ನನ್ನ ಚೀಟಿ ಓದಿ ಕೆನ್ನೆ ಹಿಂಡಿದಳು. ಮಧ್ಯದಲ್ಲಿ ನಿಂತುಹೋಗಬಾರದೆಂದು ಹಳೆಯ ಸೆಲ್ ತೆಗೆದು ಹೊಸದು ಹಾಕಿ ಆಟ ಹಚ್ಚಿದಳು. ಮೊದಲ ಕೋಣೆ ಬಂತು. ಆರಿಸಿ ಮತ್ತೆ ಹಚ್ಚಿದಳು. ಅದೇ.

“ಅಯ್ಯೋ, ಸೆಲ್ ತೆಗೀಬಾರ್ದಿತ್ತೇನೋ ಕಣೇ,” ಎಂದಳು.

ನಾನು ಹಳೆಯ ಸೆಲ್ ಎತ್ತಿ ಅವಳ ಕೈಗಿಟ್ಟೆ.

ಶನಿವಾರವೆಲ್ಲ ಅವಳು ಹೊಲಿಗೆ ಬಿಟ್ಟು, ತನ್ನ ಅಮ್ಮಿಯ ಕೈಲಿ ಬೈಸಿಕೊಳ್ಳುತ್ತ ಆಡಿದರೂ ಅರ್ಧ ಮಾತ್ರ ಮುಗಿಯಿತು. ಭಾನುವಾರ ಬೆಳಿಗ್ಗೆ ಮಾಮು ನನ್ನನ್ನು ಕರೆಸಿದರು.

“ಇವಳು ಕೊನೇ ಕೋಣೆ ಮುಟ್ಟಿದ್ದು ನೀನು ನೋಡಿದ್ಯಂತೆ. ನಿಜಾನಾ ಬೇಟಿ?”

ಅವರ ದನಿಯಲ್ಲಿ ಕೊಟ್ಟುಬಿಡುವ ಮನಸ್ಸಿತ್ತು. ಹೌದು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಹಾಗಾದರೆ ಯಾರು ಅಳಿಸಿದ್ದು ಎಂದು ಮುಂದೆ ಕೇಳಿಬಿಟ್ಟಾರೆಂದು ಹೆದರಿ, ಇಲ್ಲದ್ದೊಂದನ್ನು ಸೇರಿಸಿದೆ.

“ನೋಡಿದೆ,” ಎಂದೆ. “ಸೆಲ್ ತೆಗೆದ್ರೆ ಎಲ್ಲಾ ಹೋಗುತ್ತೆ ಅಂತ ಅಲ್ಲೇ ಬರೆದಿತ್ತು.”

ಮಾಮು ಅವಳತ್ತ ತಿರುಗಿದರು. “ಕೇಳಿದ್ಯಾ? ಕೈಯಲ್ಲಿದ್ದದ್ದನ್ನ ನೀನೇ ಕಳ್ಕೊಂಡೆ.” ಆಮೇಲೆ ನನ್ನನ್ನು ನೋಡಿದರು. “ಅಲ್ಲಮ್ಮ, ಗೊತ್ತಿದ್ದೂ ಇವಳಿಗೆ ಹೇಳಬಾರ್ದಿತ್ತಾ?”

“ಅವಳನ್ ಬುಡಿ ಮಾಮು,” ಎಂದಳು ಅವಳು. “ಬಾಗ್ಲು ವಿಚಾರ ಓದು ಅಂದಿದ್ದೆ, ಓದಿದ್ಲು. ನಾನೇ ಆತುರ ಬಿದ್ದೆ.”

ಆಟವನ್ನು ಮಾಮುವಿನ ಬ್ಯಾಗಿನೊಳಗೆ ಅವಳೇ ಇಟ್ಟಳು. ಆಗ ನನಗಾದದ್ದು ದುಃಖವಲ್ಲ, ಸಮಾಧಾನ.